ಹದಿನಾರನೇ ಅಂತಸ್ತು

ಲಿಫ್ಟು ರಿಪೇರಿ ಮಾಡುವವನಿಗೆ ಅಂತಸ್ತು ಎಂದರೆ ಒಂದೇ ಅರ್ಥ, ಗುಂಡಿ ಒತ್ತಿದರೆ ಗಾಡಿ ಹೋಗಿ ನಿಲ್ಲುವ ಜಾಗ. ಆ ಮಾತಿಗೆ ಇನ್ನೊಂದು ಅರ್ಥವೂ ಉಂಟು ಎಂದು ಅವನಿಗೆ ಮೊದಲು ತಿಳಿಸಿದವಳು ಹೆಂಡತಿ. ಬಿಟ್ಟುಹೋಗುವ ವರ್ಷ ಆ ಮಾತನ್ನು ಅವಳು ದಿನಕ್ಕೆರಡು ಸಲವಾದರೂ ಆಡುತ್ತಿದ್ದಳು. ಎರಡನೆಯ ಸಲ ತಿಳಿಸಿದ್ದು ಒಂದು ಕಂಪ್ಯೂಟರ್ ಆಟ. ಹೆಂಡತಿ ಹೇಳಿದ್ದಾದರೂ ಬೇಗ ತಲೆಗೆ ಹೋಗಿತ್ತು. ಆಟ ಹೇಳಿದ್ದು ತಲೆಗೆ ಹೋಗುವಷ್ಟರಲ್ಲಿ ಕಾಲ ಮಿಂಚಿತ್ತು.

ನಗರದ ಹಳೆಯ ಕಟ್ಟಡಗಳಲ್ಲಿ ಅವನನ್ನು ಎಲ್ಲರೂ ಲಿಫ್ಟಣ್ಣ ಎಂದೇ ಕರೆಯುತ್ತಾರೆ. ಇಪ್ಪತ್ತಾರು ವರ್ಷದಿಂದ ಇದೇ ಕಸುಬು. ಬಾಗಿಲಿಗೆ ಕಿವಿಯಿಟ್ಟರೆ ಸಾಕು, ಯಾವ ಗಾಲಿ ಸವೆದಿದೆ, ಯಾವ ಹಗ್ಗಕ್ಕೆ ಎಣ್ಣೆ ಸಾಲದು ಎಂದು ಹೇಳಬಲ್ಲ. ಮಗಳಿಗೆ ಶಾಲೆಯ ದಾಖಲೆಯಲ್ಲಿ ಉದ್ದದ ಹೆಸರಿದೆ, ಇವನಿಗೆ ಮಾತ್ರ ಅವಳು ಗುಂಡಿ. ಮೂರು ವರ್ಷದವಳಿದ್ದಾಗ ಒಂದು ದಿನ ಅವನ ಹೆಗಲೇರಿ, ಲಿಫ್ಟಿನ ಹನ್ನೆರಡು ಗುಂಡಿಗಳನ್ನೂ ಸಾಲಾಗಿ ಒತ್ತಿಬಿಟ್ಟಿದ್ದಳು. ಗಾಡಿ ಹನ್ನೆರಡು ಕಡೆ ನಿಂತು ನಿಂತು ಹೋಗಿ, ಒಳಗಿದ್ದ ವಕೀಲರೊಬ್ಬರು ಅಪ್ಪನಿಗೂ ಮಗಳಿಗೂ ಸೇರಿಸಿ ಮಂಗಳಾರತಿ ಎತ್ತಿದ್ದರು. ಅಂದಿನಿಂದ ಆ ಹೆಸರು ಅಂಟಿಕೊಂಡಿತು.

ಗುಂಡಿಗೆ ಈಗ ಹದಿನೈದು. ತಾಯಿಯ ಜೊತೆ, ತಾಯಿಯ ಹೊಸ ಸಂಸಾರದ ಜೊತೆ, ರೈಲಿನಲ್ಲಿ ಆರು ಗಂಟೆ ದೂರದ ಊರಿನಲ್ಲಿದ್ದಾಳೆ. ಮೊದಮೊದಲು ಅವನು ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದ. ಹೋಟೆಲಿನ ಮೇಜಿಗೆ ಎದುರುಬದುರು ಕೂತರೆ ಇಬ್ಬರಿಗೂ ಬಾಯಿ ಕಟ್ಟುತ್ತಿತ್ತು. "ಪರೀಕ್ಷೆ ಹೇಗಾಯ್ತು?" "ಆಯ್ತು." "ಇನ್ನೇನ್ ಸಮಾಚಾರ?" "ಏನಿಲ್ಲ." ಆಮೇಲೆ ಇಬ್ಬರೂ ನೀರು ಕುಡಿಯುವುದು. ಹೆತ್ತ ಮಗಳ ಮುಂದೆ ಮಾತಿಗಾಗಿ ತಡಕಾಡುವ ಸಂಕಟ ಪಟ್ಟವನಿಗೇ ಗೊತ್ತು. ರೈಲಿನಲ್ಲಿ ಹಿಂದಿರುಗುವಾಗ ಅವನಿಗೆ ಕೇಳಬೇಕಿದ್ದ ನೂರು ಪ್ರಶ್ನೆಗಳು ಸಾಲುಗಟ್ಟಿ ನೆನಪಾಗುತ್ತಿದ್ದವು.

ಅಂಥ ಒಂದು ಭೇಟಿಯಲ್ಲಿ ಅವಳೇ ಈ ಆಟದ ಸುದ್ದಿ ತೆಗೆದಳು. ತೆಗೆದವಳು ನಲವತ್ತು ನಿಮಿಷ ನಿಲ್ಲಿಸಲಿಲ್ಲ. ಲಿಫ್ಟಣ್ಣನಿಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಮಗಳ ಕಣ್ಣು ಅರಳಿದ್ದು ತಿಳಿಯಿತು. ಅದೇ ವಾರ ಹಳೆಯದೊಂದು ಕಂಪ್ಯೂಟರನ್ನು ಮನೆಗೆ ಹೊತ್ತು ತಂದ. ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು ಅಪ್ಪ ಮಗಳ ಹೊತ್ತು ಎಂದು ಗೊತ್ತುಮಾಡಿಕೊಂಡರು. ಅವಳು ಹಿಮದ ಮಂತ್ರಗಾತಿ, ಅವನು ಕೊಡಲಿ ಹಿಡಿದ ದಾಂಡಿಗ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, ತಮ್ಮ ತಮ್ಮ ಊರಿನಲ್ಲೇ ಕೂತು ಇಬ್ಬರೂ ರಾಕ್ಷಸರನ್ನು ಸವರುತ್ತಿದ್ದರು. ಕೈಗೆ ಕೆಲಸ ಸಿಕ್ಕಿದ್ದೇ ತಡ ಗುಂಡಿಯ ಬಾಯಿಗೆ ಬಿದ್ದಿದ್ದ ಬೀಗ ಕಳಚಿತು. ಗಣಿತದ ಮೇಷ್ಟ್ರ ಟೋಪನ್ ಕೂದಲು ಫ್ಯಾನಿನ ಗಾಳಿಗೆ ಎದ್ದದ್ದು, ಪಕ್ಕದ ಬೆಂಚಿನ ಗೆಳತಿ ಎರಡು ವಾರದಿಂದ ಮಾತು ಬಿಟ್ಟದ್ದು, ಹೊಸ ಮನೆಯಲ್ಲಿ ತನ್ನ ಕೋಣೆಗೆ ಇನ್ನೂ ಪರದೆ ಹಾಕಿಲ್ಲದ್ದು, ಎಲ್ಲ ಒಂದೊಂದಾಗಿ ಹೊರಬಂದವು. "ಅಪ್ಪಾ ಎಡಗಡೆ ನೋಡು, ಎಡಗಡೆ! ಅಯ್ಯೋ ನಿನ್ನ ಎಡಗೈ ಯಾವ್ದು ಅಂತ ಗೊತ್ತಿಲ್ವಾ?" ಎಂದು ಮಧ್ಯೆ ಮಧ್ಯೆ ಬೈಯುತ್ತಿದ್ದಳು. ಆ ಬೈಗುಳ ಕೇಳಲು ಅವನು ಶನಿವಾರ ಸಂಜೆಯಿಂದಲೇ ಕಾಯುತ್ತಿದ್ದ.

ಎರಡು ತಿಂಗಳಿಗೆ ಆಟದ ಕಥೆ ಮುಗಿಯಿತು. ದುಷ್ಟ ಸತ್ತ, ರಾಜ್ಯ ಉಳಿಯಿತು. "ಶುಭಂ" ಎಂದ ಲಿಫ್ಟಣ್ಣ. ಅವನಿಗೆ ಒಳಗೊಳಗೇ ದಿಗಿಲು, ಇನ್ನು ಭಾನುವಾರಕ್ಕೆ ಏನು ನೆಪ?

"ಶುಭಂ ಎಲ್ಲಿಂದ ಬಂತು? ಆಟ ಈಗ ಶುರು. ಇಷ್ಟು ದಿನ ಆಡಿದ್ದು ಆಟಾನೇ ಅಲ್ಲ" ಎಂದು ಗುಂಡಿ ನಕ್ಕಳು.

ಕಥೆ ಮುಗಿದ ಮೇಲೆ ನಕ್ಷೆಗಳ ಲೋಕ. ಸತ್ತ ರಾಕ್ಷಸರ ಜೇಬಿನಿಂದ ಹಳೆಯ ಕಾಗದದ ನಕ್ಷೆಗಳು ಉದುರುತ್ತವೆ. ಒಂದೊಂದರ ಮೇಲೂ ಒಂದೊಂದು ಅಂಕಿ, ಒಂದರಿಂದ ಹದಿನಾರರವರೆಗೆ. ನಕ್ಷೆಯನ್ನು ಒಂದು ಕಲ್ಲುಮೇಜಿನ ಮೇಲಿಟ್ಟರೆ ಸುತ್ತ ಬೆಳಕಿನ ಬಾಗಿಲುಗಳು ತೆರೆಯುತ್ತವೆ, ಬಾಗಿಲು ಹೊಕ್ಕರೆ ಆ ನಕ್ಷೆಯ ಊರು. ಕೊನೆಯಲ್ಲಿ ಕೂತ ದೊಡ್ಡ ರಾಕ್ಷಸನನ್ನು ಕೊಂದರೆ ನಕ್ಷೆ ಗೆದ್ದಂತೆ. ಅವನು ಸಾಯುವ ಗಳಿಗೆಗೆ ಒಳಗೆ ಜೀವಂತ ಇದ್ದವರ ಹೆಸರಿನ ಮುಂದೆಲ್ಲ ಆ ಅಂಕಿ ಕೂರುತ್ತದೆ. ಅಂಕಿಗೆ ಗುಂಡಿ ಟಿಯರ್ ಎನ್ನುತ್ತಿದ್ದಳು. ಟಿಯರ್ ಎಂದರೆ ಕಣ್ಣೀರು ಎಂದಷ್ಟೇ ಬಲ್ಲ ಲಿಫ್ಟಣ್ಣ, "ಹದಿನಾರು ಥರದ ಕಣ್ಣೀರಾ?" ಎಂದು ಗಾಬರಿಯಾಗಿ ಕೇಳಿ ಮಗಳನ್ನು ಐದು ನಿಮಿಷ ನಗಿಸಿದ. ಆಮೇಲೆ ತನ್ನ ಭಾಷೆಯಲ್ಲಿ ಅದಕ್ಕೆ ಅಂತಸ್ತು ಎಂದು ಹೆಸರಿಟ್ಟುಕೊಂಡ. ಹದಿನಾರು ಅಂತಸ್ತಿನ ಕಟ್ಟಡ ಅವನು ಕಾಣದ್ದಲ್ಲ.

ಇದು ಮಾತ್ರ ಕಾಣದ್ದೇ ಆಗಿತ್ತು. ಮಗಳು ಎರಡೇ ವಾರಕ್ಕೆ ಹನ್ನೆರಡಕ್ಕೆ ಹಾರಿದಳು. ಅವನು ಮೂರರಲ್ಲಿ ಏದುಸಿರು ಬಿಡುತ್ತಿದ್ದ. ಭಾನುವಾರ ಅವಳು ಅವನಿಗಾಗಿ ಮೂರಕ್ಕೆ ಇಳಿದು ಬರುತ್ತಿದ್ದಳು. ಬಂದು ಒಂದು ಕೈ ಬೀಸಿದರೆ ಊರಿಗೆ ಊರೇ ಹೆಪ್ಪುಗಟ್ಟಿ ಪುಡಿಯಾಗುತ್ತಿತ್ತು. ಅವನು ಹಿಂದಿನಿಂದ ಓಡಿ ಬರುವಷ್ಟರಲ್ಲಿ ಹೊಡೆಯಲು ಒಂದು ಇಲಿಯೂ ಉಳಿದಿರುತ್ತಿರಲಿಲ್ಲ. ಅವಳು ಬೇಸರಿಸಿಕೊಳ್ಳಲಿಲ್ಲ, ಆದರೆ ಗಣಿತದ ಮೇಷ್ಟ್ರು, ಗೆಳತಿ, ಪರದೆ ಇವೆಲ್ಲ ಮಾತಿನಿಂದ ಮೆಲ್ಲಗೆ ಮರೆಯಾದವು. ಕೈಗೆ ಕೆಲಸವಿಲ್ಲದಿದ್ದರೆ ಅವಳ ಬಾಯಿಗೂ ಕೆಲಸವಿಲ್ಲ.

ಅಂಥ ಒಂದು ಭಾನುವಾರ ಅವಳು ಗಂಟಲು ಸರಿಮಾಡಿಕೊಂಡಳು.

"ಅಪ್ಪಾ, ನಮ್ ಕ್ಲಾಸಿನವ್ರು ನಾಲ್ಕು ಜನ ಇದಾರೆ. ಮುಂದಿನ ಸೀಸನ್‌ನಿಂದ ಒಟ್ಟಿಗೆ ಆಡೋಣ ಅಂತಿದಾರೆ. ಅವ್ರಿಗೆಲ್ಲ ಭಾನುವಾರ ಬೆಳಿಗ್ಗೆನೇ ಆಗೋದಂತೆ."

"ಹೂಂ" ಎಂದ. ಎದೆಯಲ್ಲಿ ಏನೋ ಒಂದು ಮಹಡಿ ಕೆಳಗೆ ಬಿತ್ತು.

"ನಿನ್ನನ್ನೂ ಸೇರಿಸ್ಕೊಳ್ಳೋಣ ಅಂದೆ. ಎಳ್ಕೊಂಡು ಹೋಗ್ಬೇಕಾದೋರು ಬೇಡ, ನಿಮ್ಮಪ್ಪ ಎಷ್ಟರಲ್ಲಿದಾರೆ ಅಂತ ಕೇಳಿದ್ರು."

"ನೀನೇನಂದೆ?"

"ಸುಳ್ಳು ಹೇಳ್ದೆ. ಕೆಂಪು ಅಂದೆ."

ಒಂದರಿಂದ ಐದು ಬಿಳಿ ನಕ್ಷೆ, ಹತ್ತರವರೆಗೆ ಹಳದಿ, ಹನ್ನೊಂದರಿಂದ ಮೇಲೆ ಕೆಂಪು. ಅಪ್ಪನ ಮಾನ ಉಳಿಸಲು ಮಗಳು ಸುಳ್ಳು ಹೇಳಿದ್ದು ಅವನಿಗೆ ಒಂದು ಕಡೆ ಹಿಗ್ಗು, ಇನ್ನೊಂದು ಕಡೆ ಕುತ್ತಿಗೆಗೆ ಬಂತು.

"ಗುಂಡೀ, ನಾನಿರೋದು ಮೂರು ಕಣೇ."

"ಸೀಸನ್ ಮುಗಿಯೋಕೆ ಇನ್ನೂ ಆರು ವಾರ ಇದೆ. ಅಷ್ಟ್ರೊಳಗೆ ನೀನೇ ಆಡಿ ಕೆಂಪಿಗೆ ಬಂದ್ಬಿಡು. ಆಗ ಅದು ಸುಳ್ಳಾಗಲ್ಲ."

ಅಷ್ಟೇ ವಿಷಯ. ಆರು ವಾರದಲ್ಲಿ ಹೆಸರಿನ ಮುಂದೆ ಹನ್ನೊಂದು ಬಂದರೆ ಭಾನುವಾರ ಉಳಿಯಿತು. ಬರದಿದ್ದರೆ ಅಪ್ಪ ಮತ್ತೆ ಹೋಟೆಲಿನ ಮೇಜಿಗೆ.

ಲಿಫ್ಟಣ್ಣ ಟೊಂಕ ಕಟ್ಟಿ ನಿಂತ. ಕೆಲಸದಿಂದ ಬಂದವನು ಬೂಟು ಬಿಚ್ಚುವ ಮೊದಲೇ ಕಂಪ್ಯೂಟರ್ ಹಚ್ಚುತ್ತಿದ್ದ. ನಾಲ್ಕು ಗೆದ್ದ, ಐದು ಗೆದ್ದ, ಆರಕ್ಕೆ ಬಂದು ಕೂತ. ಆರಕ್ಕೇರಲಿಲ್ಲ ಮೂರಕ್ಕಿಳಿಯಲಿಲ್ಲ ಎಂಬ ಗಾದೆಯವನಿಗಿಂತ ನಾನು ವಾಸಿ ಎಂದು ಬೀಗಿದ. ಆದರೆ ಆರರ ಬೆಂಕಿಯ ಮುಂದೆ ಅವನ ಕೊಡಲಿ ನಡೆಯಲಿಲ್ಲ. ನಾಲ್ಕು ಹೆಜ್ಜೆಗೆ ಒಮ್ಮೆ ಸಾಯುತ್ತಿದ್ದ. ಯಾಕೆ ಎಂದು ಮಗಳನ್ನು ಕೇಳಬಹುದಿತ್ತು. ಕೇಳಿದರೆ ಇಷ್ಟೂ ಗೊತ್ತಿಲ್ಲವೇ ಎಂದಾಳು ಎಂಬ ಅಳುಕು.

ದಾರಿ ತೋರಿಸಿದ್ದು ಒಂದು ಹಲ್ಲಿನ ಡಾಕ್ಟರು.

ಒಂದು ಬುಧವಾರ ಮಧ್ಯಾಹ್ನ ಹಳೆಯ ವಾಣಿಜ್ಯ ಕಟ್ಟಡವೊಂದರಲ್ಲಿ ಲಿಫ್ಟು ನಾಲ್ಕಕ್ಕೂ ಐದಕ್ಕೂ ನಡುವೆ ನಿಂತುಬಿಟ್ಟಿತ್ತು. ಒಳಗೆ ಏಳನೇ ಮಹಡಿಯ ದಂತವೈದ್ಯೆ ಒಬ್ಬರೇ. ಲಿಫ್ಟಣ್ಣ ಕಟ್ಟಡದ ತುದಿಯ ಯಂತ್ರದ ಕೋಣೆಗೆ ಹತ್ತಿ, ಕರೆಂಟು ತೆಗೆದು, ಬ್ರೇಕು ಸಡಿಲಿಸಿ, ಚಕ್ರವನ್ನು ಕೈಯಿಂದ ತಿರುಗಿಸತೊಡಗಿದ. ಒಂದು ಸುತ್ತಿಗೆ ಗಾಡಿ ನಾಲ್ಕು ಬೆರಳು ಏರುತ್ತದೆ. ಹಗ್ಗದ ಮೇಲೆ ಬಳಿದ ಹಳದಿ ಗುರುತು ಚೌಕಟ್ಟಿನ ಗೆರೆಗೆ ಸಮ ಬಂದರೆ ಮಹಡಿಗೆ ಬಂತು ಎಂದರ್ಥ. ಅಷ್ಟು ಹೊತ್ತೂ ಒಳಗಿದ್ದವರನ್ನು ಫೋನಿನಲ್ಲಿ ಮಾತಾಡಿಸುತ್ತಿರಬೇಕು. ಸುಮ್ಮನಿದ್ದರೆ ಜನ ಹೆದರಿ ಬಾಗಿಲು ಗುದ್ದುತ್ತಾರೆ.

"ಮೇಡಂ, ಮನೇಲಿ ಹೊತ್ತು ಹೇಗೆ ಕಳೀತೀರಿ?" ಎಂದು ಚಕ್ರ ತಿರುಗಿಸುತ್ತ ಕೇಳಿದ.

"ನಗ್ಬೇಡಿ. ನಾನೊಂದು ಗೇಮ್ ಆಡ್ತೀನಿ" ಎಂದಿತು ನಡುಗುವ ದನಿ. ಯಾವ ಗೇಮು ಎಂದು ಕೇಳಿದ. ಅವರು ಹೇಳಿದ ಹೆಸರು ಕೇಳಿ ಲಿಫ್ಟಣ್ಣನ ಕೈ ಚಕ್ರದ ಮೇಲೇ ನಿಂತಿತು. ಕುರುಡ ಬಯಸುವುದು ಒಂದು ಕಣ್ಣು, ದೇವರು ಕೊಟ್ಟದ್ದು ಎರಡು.

"ಮೇಡಂ, ಆರನೇ ನಕ್ಷೆ ದಾಟ್ತಾ ಇಲ್ಲ ನಂಗೆ!"

ದಂತವೈದ್ಯೆಯ ದನಿಯಿಂದ ನಡುಕ ಹೋಗಿ ಪಾಠ ಹೇಳುವವರ ಗತ್ತು ಬಂತು. ಅವನು ಶಕ್ತಿಯನ್ನೆಲ್ಲ ತೋಳಿಗೆ ಸುರಿದಿದ್ದಾನೆ ಎಂದು ಎರಡೇ ಪ್ರಶ್ನೆಯಲ್ಲಿ ಕಂಡುಹಿಡಿದರು. "ಹೊಡೆಯೋದಲ್ಲ ಮುಖ್ಯ, ತಡೆಯೋದು. ಬೆಂಕಿ, ಚಳಿ, ಸಿಡಿಲು ಮೂರಕ್ಕೂ ತಡೆ ಬೇಕು. ಮೂರನ್ನೂ ನೂರಕ್ಕೆ ಎಪ್ಪತ್ತೈದು ಮಾಡ್ಕೊಳ್ಳಿ. ಅಂಕಿ ಒಂದು ಏರಿದ್ರೆ ರಾಕ್ಷಸರ ಏಟೂ ಏರುತ್ತೆ, ನಿಮ್ಮ ತಪ್ಪಿಗೆ ಕ್ಷಮೆ ಕಮ್ಮಿ ಆಗುತ್ತೆ. ಟಿಯರ್ ಅಂದ್ರೆ ಅಷ್ಟೇ ನೋಡಿ, ಎಷ್ಟು ತಪ್ಪಿಗೆ ಅವಕಾಶ ಅನ್ನೋದು." ಲಿಫ್ಟಣ್ಣ ಹೂಂಗುಟ್ಟುತ್ತ, ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿಕೊಂಡ. ಚಕ್ರವನ್ನು ಬೇಕೆಂದೇ ನಿಧಾನ ಮಾಡಿದ. ಅದೊಂದು ಪಾಪ ಅವನು ಮಾಡಿದ್ದು ನಿಜ.

"ಆಮೇಲೆ ಬಾಗಿಲು. ಆರು ಬಾಗಿಲು ತೆರ್ಕೊಳ್ತವಲ್ಲ, ಅದ್ರಲ್ಲೊಂದು ವಿಷಯ ಮರೀಬೇಡಿ..."

ಅಷ್ಟರಲ್ಲಿ ಹಳದಿ ಗುರುತು ಗೆರೆಗೆ ಸಮ ಬಂತು. ಕಸುಬಿನವನ ಕೈ, ತಾನಾಗಿಯೇ ಬ್ರೇಕು ಬಿಗಿಯಿತು. "ಬಂತು ಮೇಡಂ!" ಎಂದು ಫೋನಿಟ್ಟು, ದಡದಡ ಇಳಿದು ಬಾಗಿಲು ತೆರೆದ. ಮೇಲೆ ಅರ್ಧ ಬಾಯಿ ಮರಗಟ್ಟಿಸಿ ಕೂರಿಸಿದ್ದ ರೋಗಿಯೊಬ್ಬ ಕಾಯುತ್ತಿದ್ದ. ದಂತವೈದ್ಯೆ "ಥ್ಯಾಂಕ್ಸ್" ಎಂದವರೇ ಮೆಟ್ಟಿಲು ಹಿಡಿದು ಓಡಿದರು. ಇನ್ನೊಮ್ಮೆ ಸಿಕ್ಕಿದರೆ ಕೇಳೋಣ ಎಂದುಕೊಂಡ. ಆದರೆ ಆ ಲಿಫ್ಟು ಆಮೇಲೆ ಕೆಡಲೇ ಇಲ್ಲ, ಅಷ್ಟು ಚೆನ್ನಾಗಿ ರಿಪೇರಿ ಮಾಡಿದ್ದ.

ಕೇಳದೆ ಉಳಿದ ಮಾತನ್ನು ಅವನು ತನ್ನ ತಲೆಯಿಂದ ತುಂಬಿಸಿಕೊಂಡ. ಅವನು ನೋಡಿಕೊಳ್ಳುವ ಗಾಡಿಗಳಲ್ಲೆಲ್ಲ ಬಾಗಿಲ ಪಕ್ಕದಲ್ಲಿ ಒಂದು ತಗಡು ಬಡಿದಿರುತ್ತದೆ: ಆರು ಜನ, ನಾನೂರ ಎಂಟು ಕಿಲೋ. ಆರು ಬಾಗಿಲು ಎಂದರೆ ಆರು ಜನಕ್ಕೆ ಜಾಗ, ಇನ್ನೇನು? ಅಪ್ಪ ಮಗಳು ಇಬ್ಬರೇ ಹೊಕ್ಕರೆ ನಾಲ್ಕು ಮಂದಿಯ ಜಾಗ ಖಾಲಿ. ಒಂದೆರಡು ಸಲ ಸತ್ತು ಹೊರಬಂದಾಗ ಬಾಗಿಲು ಕಡಿಮೆ ಕಂಡದ್ದುಂಟು. ಗಾಡಿ ಮಹಡಿಯಲ್ಲಿ ಇಲ್ಲದಾಗ ಬಾಗಿಲು ಮುಚ್ಚಿರುವುದೇ ನ್ಯಾಯ ಎಂದು ಸಮಾಧಾನ ಹೇಳಿಕೊಂಡ. ತಪ್ಪು ತಿಳಿದುಕೊಂಡವನಿಗೆ ಸಾಕ್ಷಿಗೇನು ಬರವೇ?

ತಡೆಯ ಪಾಠ ಕೆಲಸ ಮಾಡಿತು. ಏಳು ಗೆದ್ದ. ಎಂಟನ್ನು ಹನ್ನೊಂದು ಸಲ ಹೊಕ್ಕು ಹನ್ನೊಂದು ಸಲ ಸೋತ. ಅವನ ಬೆರಳುಗಳು ಸ್ಪ್ಯಾನರು ಹಿಡಿದು ಬೆಳೆದವು, ಮೂವತ್ತು ಕೆಜಿ ಬಾಗಿಲನ್ನು ಎತ್ತಿ ಕೂರಿಸುತ್ತವೆ. ಆದರೆ ಕಣ್ಣಿಗೆ ಕಂಡದ್ದು ಬೆರಳಿಗೆ ಮುಟ್ಟುವಷ್ಟರಲ್ಲಿ ರಾಕ್ಷಸ ಹೊಡೆದಾಗಿರುತ್ತಿತ್ತು. ಐವತ್ತೆರಡು ವಯಸ್ಸಿನ ಕೈಗೆ ಯಾವ ತಡೆ ಎಲ್ಲಿಂದ ತರುವುದು? ಆರು ವಾರದಲ್ಲಿ ಐದು ಕಳೆದವು. ಹೆಸರಿನ ಮುಂದೆ ಏಳು ಎಂಬ ಅಂಕಿ ಕಲ್ಲಿನಲ್ಲಿ ಕೆತ್ತಿದ ಹಾಗೆ ಕೂತುಬಿಟ್ಟಿತು. ಒಂದು ಸಂಜೆ ಅವನು ಪರದೆಯ ಮುಂದೆ ಕೈ ಚೆಲ್ಲಿ ಕೂತು ಅತ್ತ ಕೂಡ. ಗಂಡಸು ಆಟಕ್ಕೆ ಅತ್ತ ಎಂದರೆ ನಗುತ್ತಾರೆ. ಅವನು ಅತ್ತದ್ದು ಆಟಕ್ಕಲ್ಲ.

ಕೊನೆಯ ಭಾನುವಾರ ಬಂತು. ಮಂಗಳವಾರಕ್ಕೆ ಸೀಸನ್ ಮುಗಿಯುತ್ತದೆ. ಹತ್ತು ಗಂಟೆಗೆ ಸರಿಯಾಗಿ ಗುಂಡಿಯ ದನಿ ಕಿವಿಗೆ ಬಿತ್ತು.

"ಏಳೇನಾ ಇನ್ನೂ?"

"ಏಳು."

"ಸರಿ, ಕೇಳು. ನನ್ನ ಹತ್ರ ಹದಿನಾರರದ್ದು ಒಂದೇ ಒಂದು ನಕ್ಷೆ ಇದೆ. ಸಿಗೋಕೆ ಎರಡು ವಾರ ಆಯ್ತು. ಇದರಲ್ಲಿ ನಾನು ರಾಕ್ಷಸನ್ನ ಹೊಡೆಯೋವಾಗ ನೀನು ಒಳಗಿದ್ರೆ ಸಾಕು, ನಿನ್ನ ಹೆಸರಿನ ಮುಂದೆನೂ ಹದಿನಾರು ಬರುತ್ತೆ. ಹನ್ನೊಂದಲ್ಲ ಅಪ್ಪಾ, ಹದಿನಾರು! ಅವ್ರೆಲ್ಲ ಬಾಯಿ ಬಿಡ್ತಾರೆ."

ಇಬ್ಬರು ಒಳಗಿದ್ದರೆ ರಾಕ್ಷಸನ ಆಯಸ್ಸು ಒಂದೂವರೆ ಪಾಲು ಹೆಚ್ಚು ಎಂದು ಲಿಫ್ಟಣ್ಣನಿಗೂ ಗೊತ್ತಿತ್ತು. ತನ್ನನ್ನು ಒಳಗೆ ನಿಲ್ಲಿಸಿಕೊಳ್ಳಲು ಅವಳು ಅಷ್ಟು ಭಾರ ಹೊರಲು ಒಪ್ಪಿದ್ದಳು.

"ನಾನೇನ್ ಮಾಡ್ಲಿ?"

"ಬಾಗಿಲ ಹತ್ರ ನಿಂತ್ಕೋ. ಅಷ್ಟೇ. ಏನೂ ಮಾಡ್ಬೇಡ. ಬಾಗಿಲು ಗೊತ್ತಲ್ವಾ?"

"ಬಾಗಿಲಾ? ನಂಗೆ?" ಎಂದು ನಕ್ಕ. "ಮೀನಿಗೆ ಈಜೋಕೆ ಹೇಳ್ಕೊಡ್ತಾಳಂತೆ!"

ಅವಳೂ ನಕ್ಕಳು. ನಗುವ ಬದಲು ಒಂದು ಮಾತು ಹೇಳಿದ್ದರೆ, ಅಥವಾ ಅವನು ಒಂದು ಮಾತು ಕೇಳಿದ್ದರೆ, ಆ ಬೆಳಿಗ್ಗೆ ಬೇರೆಯೇ ಆಗುತ್ತಿತ್ತು.

ನಕ್ಷೆ ಕಲ್ಲುಮೇಜಿನ ಮೇಲೆ ಕೂತಿತು. ಆರು ಬಾಗಿಲು ತೆರೆದವು. ಅವಳು ಒಂದನ್ನು ಹೊಕ್ಕಳು, ಅವನು ಇನ್ನೊಂದನ್ನು. ಒಳಗೆ ಕೆಂಪು ಆಕಾಶ, ಸುಟ್ಟ ಬೀದಿಗಳು. ಮಂತ್ರಗಾತಿ ಬಿರುಗಾಳಿಯ ಹಾಗೆ ಮುಂದೆ ನುಗ್ಗಿದಳು. ಲಿಫ್ಟಣ್ಣ ಹೇಳಿದಂತೆ ಬಾಗಿಲ ಬಳಿ ನಿಂತ. ಒಂದು ನಿಮಿಷ ನಿಂತ. ಎರಡು ನಿಮಿಷ ನಿಂತ. ದೂರದಲ್ಲಿ ಮಗಳು ಒಬ್ಬಳೇ ಹೋರಾಡುವ ಸದ್ದು. "ಅಮ್ಮಾ, ಸ್ವಲ್ಪದರಲ್ಲಿ ತಪ್ತು" ಎಂದು ಕಿವಿಯಲ್ಲಿ ಅವಳ ಉಸಿರು. ಇಪ್ಪತ್ತಾರು ವರ್ಷ ಯಾರಾದರೂ ಸಿಕ್ಕಿಬಿದ್ದರೆ ಓಡಿ ಹೋದವನು ಅವನು. ಕೈಕಟ್ಟಿ ನಿಲ್ಲುವ ಕೆಲಸ ಅವನಿಗೆ ಯಾರೂ ಯಾವತ್ತೂ ಕಲಿಸಿರಲಿಲ್ಲ.

ನಾಲ್ಕು ಹೆಜ್ಜೆ ಮುಂದೆ ಇಟ್ಟ. ಎಲ್ಲಿಂದಲೋ ಬಂದ ಒಂದು ಬಾಣಕ್ಕೆ ಸತ್ತ. ಮಗಳಿಗೆ ಹೇಳದೆ ಸದ್ದಿಲ್ಲದೆ ಮೂರನೆಯ ಬಾಗಿಲಿಂದ ಮತ್ತೆ ಒಳಬಂದ.

ಬೀದಿಯುದ್ದಕ್ಕೂ ಅವಳು ಕೊಂದ ರಾಕ್ಷಸರ ಸಾಮಾನು ಚೆಲ್ಲಿತ್ತು. ಕತ್ತಿ, ಗುರಾಣಿ, ಕಾಲುಚೀಲ, ಕಿರೀಟ. ಅವಳ ಚೀಲ ಬೇಗ ತುಂಬುತ್ತದೆ ಎಂದು ಅವನಿಗೆ ಗೊತ್ತು. ಪಾಪ, ಹೊರಲಾರದೆ ಬಿಟ್ಟು ಹೋಗುತ್ತಿದ್ದಾಳೆ. ಇಷ್ಟಾದರೂ ಮಾಡೋಣ ಎಂದುಕೊಂಡ. ಬಾಗಿಲ ಸುತ್ತಮುತ್ತ ಬಿದ್ದದ್ದನ್ನು ಆಯ್ದು, ಹೊರಗೆ ಹೋಗಿ ಕಲ್ಲುಮೇಜಿನ ಪಕ್ಕದ ಅವಳ ಪೆಟ್ಟಿಗೆಗೆ ಸುರಿದು, ಮತ್ತೆ ಒಳಬಂದ. ಇನ್ನೊಂದು ಹೊರೆ ಹೊತ್ತು ಹೊರಹೋದ, ಮತ್ತೆ ಒಳಬಂದ. ಮೂರನೆಯ ಹೊರೆ ಇಳಿಸಿ ತಿರುಗಿದಾಗ ಕಲ್ಲುಮೇಜಿನ ಬಳಿ ಒಂದೇ ಬಾಗಿಲು ಬೆಳಗುತ್ತಿತ್ತು. ಗಾಡಿ ಮೇಲಿದೆ ಎಂದುಕೊಂಡು ಅದನ್ನೂ ಹೊಕ್ಕ. ಮೈಯೆಲ್ಲ ಬೆವರಿತ್ತು, ಮನಸ್ಸು ಹಗುರವಾಗಿತ್ತು. ಎಷ್ಟೋ ವಾರಗಳ ಮೇಲೆ ಮಗಳಿಗೆ ತಾನೂ ಕೆಲಸಕ್ಕೆ ಬಂದೆ ಎನ್ನಿಸಿತ್ತು. ಅವನು ಹೊತ್ತದ್ದೆಲ್ಲ ಗುಜರಿ ಎಂದು, ಬೇಡವೆಂದೇ ಅವಳು ಬಿಟ್ಟದ್ದು ಎಂದು ಅವನಿಗೆ ಯಾರು ಹೇಳಬೇಕು?

"ಅಪ್ಪಾ, ಬಂದೆ. ದೊಡ್ಡವನು ಎದುರಿಗಿದಾನೆ. ನೀನು ಅಲ್ಲೇ ಇದೀಯಲ್ಲ?"

"ಇಲ್ಲೇ ಇದೀನಿ ಗುಂಡೀ."

ಒಂಬತ್ತು ನಿಮಿಷ ಅವಳು ಹೋರಾಡಿದಳು. ಅವನು ಪರದೆಯ ಮೂಲೆಯಲ್ಲಿ ಅವಳ ಜೀವದ ಗೆರೆ ಕುಗ್ಗುವುದನ್ನೂ ತುಂಬುವುದನ್ನೂ ನೋಡುತ್ತ ಕುರ್ಚಿಯ ಅಂಚಿಗೆ ಬಂದು ಕೂತಿದ್ದ. ಇದ್ದಕ್ಕಿದ್ದಂತೆ ಗೆರೆ ಕಪ್ಪಾಯಿತು.

"ಥೂ! ಹೋದೆ. ಪರ್ವಾಗಿಲ್ಲ, ಅವನಿಗೆ ಇನ್ನು ಉಗುರಿನಷ್ಟು ಜೀವ ಉಳಿದಿದೆ. ವಾಪಸ್ ಬಂದು ಒಂದೇ ಏಟು..." ಎಂದವಳು ನಿಂತಳು. "ಅಪ್ಪಾ?"

"ಏನಮ್ಮ?"

"ಬಾಗಿಲೇ ಇಲ್ಲ."

"ತಡಿ, ತೆರ್ಕೊಳ್ಳುತ್ತೆ. ಗಾಡಿ ಬರ್ಬೇಕಲ್ಲ."

"ಯಾವ ಗಾಡಿ? ಅಪ್ಪಾ, ಆರು ಬಾಗಿಲು ಅಂದ್ರೆ ಆರು ಸಲ ಒಳಗೆ ಹೋಗ್ಬೋದು ಅಂತ. ಒಂದ್ಸಲ ಹೊಕ್ಕ ಬಾಗಿಲು ಮುಗೀತು. ನಾನು ಹೋಗಿದ್ದು ಒಂದೇ ಸಲ. ಇನ್ನೈದು ಎಲ್ಲೋಯ್ತು?"

ಲಿಫ್ಟಣ್ಣನಿಗೆ ಎಲ್ಲ ಒಮ್ಮೆಲೇ ಅರ್ಥವಾಯಿತು.

"ನಾನು... ಸಾಮಾನು ಹೊರಗಿಡೋಣ ಅಂತ..."

ಅವಳು ಅವಸರದಿಂದ ಹೇಳಿದಳು, "ಸರಿ, ಸರಿ. ನೀನು ಒಳಗಿದೀಯಲ್ಲ? ನೀನೇ ಹೊಡಿ. ಉಗುರಿನಷ್ಟೇ ಇದೆ. ನಾನು ಹೇಳಿದ ಹಾಗೆ ನಡಿ. ದಾರಿಯೆಲ್ಲ ಖಾಲಿ ಮಾಡಿದೀನಿ. ನೇರ ಬಾ, ಕಮಾನಿನ ಹತ್ರ ಬಲಕ್ಕೆ."

ಅವನು ನಡೆದ. ಕಮಾನು ದಾಟಿದ. ಅಂಗಳದ ನಡುವೆ ರಾಕ್ಷಸ ನಿಂತಿದ್ದ, ತಲೆಯ ಮೇಲೆ ಉಗುರಿನಷ್ಟು ಕೆಂಪು ಗೆರೆ. ಒಂದು ಏಟು, ಹೆಚ್ಚೆಂದರೆ ಎರಡು. "ಅವನು ಕೈ ಎತ್ತಿದ ತಕ್ಷಣ ಎಡಕ್ಕೆ ಉರುಳು. ಆಮೇಲೆ ಹೊಡಿ. ಎತ್ತಿದ ತಕ್ಷಣ ಅಪ್ಪಾ, ಎತ್ತಿದ ಮೇಲಲ್ಲ" ಎನ್ನುತ್ತಿದ್ದಳು. ರಾಕ್ಷಸ ಕೈ ಎತ್ತಿದ. ಕಣ್ಣು ನೋಡಿತು. "ಈಗ! ಎಡಕ್ಕೆ!" ಎಂದು ಗುಂಡಿ ಕೂಗಿದಳು. ಕಿವಿ ಕೇಳಿತು. ಬೆರಳೂ ಒತ್ತಿತು, ಒಂದು ರೆಪ್ಪೆ ಬಡಿಯುವಷ್ಟು ತಡವಾಗಿ.

ಇಬ್ಬರೂ ಕಲ್ಲುಮೇಜಿನ ಬಳಿ ನಿಂತಿದ್ದರು. ಮಂತ್ರಗಾತಿ, ಪಕ್ಕದಲ್ಲಿ ಕೊಡಲಿಯ ದಾಂಡಿಗ. ಸುತ್ತ ಒಂದು ಬಾಗಿಲೂ ಇರಲಿಲ್ಲ. ದಾಂಡಿಗನ ಹೆಸರಿನ ಮುಂದೆ ಏಳು.

ಈಗ ಬೈಯುತ್ತಾಳೆ ಎಂದು ಲಿಫ್ಟಣ್ಣ ಕಣ್ಣು ಮುಚ್ಚಿ ಕಾದ. ಎಡಗೈ ಬಲಗೈ ಗೊತ್ತಿಲ್ಲದವನೇ ಎಂದು ಬೈಯಲಿ, ನಿನ್ನಂಥ ಪೆದ್ದನನ್ನು ಕಂಡಿಲ್ಲ ಎನ್ನಲಿ, ಎರಡು ವಾರದ ನಕ್ಷೆ ಹಾಳು ಮಾಡಿದೆ ಎಂದು ಅಳಲಿ. ಎಲ್ಲದಕ್ಕೂ ಅವನು ತಯಾರಿದ್ದ.

"ಪರ್ವಾಗಿಲ್ಲ ಬಿಡಿ" ಎಂದಳು ಗುಂಡಿ.

ಅವನು ಕಣ್ಣು ತೆರೆದ. ಬಸ್ಸಿನಲ್ಲಿ ಕಾಲು ತುಳಿದವರಿಗೆ ಹೇಳುವ ಮಾತು ಅದು. ಸಿಟ್ಟಿರಲಿಲ್ಲ, ಅಳುವಿರಲಿಲ್ಲ. ಬೆಳೆದ ಹುಡುಗಿಯೊಬ್ಬಳು ಹಿರಿಯರೊಬ್ಬರಿಗೆ ನೋವಾಗಬಾರದೆಂದು ಎಚ್ಚರದಿಂದ ಆಡಿದ ಮಾತು. ಮಾತು ಬಂದ ದಿನದಿಂದ ಅವಳು ಅವನನ್ನು ಒಮ್ಮೆಯೂ ಬಹುವಚನದಲ್ಲಿ ಕರೆದವಳಲ್ಲ.

"ಇನ್ನೊಂದು ನಕ್ಷೆ ಹುಡುಕೋಣ್ವಾ? ಮಂಗಳವಾರದವರೆಗೆ ಟೈಮ್ ಇದೆಯಲ್ಲ. ನಾನು ರಜೆ ಹಾಕ್ತೀನಿ" ಎಂದ.

"ಬೇಡ ಅಪ್ಪ. ನೀವ್ಯಾಕೆ ಸುಮ್ನೆ ತೊಂದ್ರೆ ತಗೋತೀರಿ?"

"ಮುಂದಿನ ಭಾನುವಾರ..."

"ನಾನೇ ಫೋನ್ ಮಾಡಿ ಹೇಳ್ತೀನಿ. ನೀವು ಊಟ ಮಾಡಿ."

"ಗುಂಡೀ, ಒಂದ್ಸಲ ಬೈದ್ಬಿಡು ನನ್ನ" ಎಂದ ಲಿಫ್ಟಣ್ಣ. "ನಿನ್ನ ದಮ್ಮಯ್ಯ ಅಂತೀನಿ ಕಣೇ, ಬಾಯಿಗೆ ಬಂದ ಹಾಗೆ ಬೈಯಿ."

ಮಂತ್ರಗಾತಿ ಆಗಲೇ ಮಾಯವಾಗಿದ್ದಳು. ಗಡಿಯಾರದಲ್ಲಿ ಹನ್ನೊಂದೂ ಹತ್ತು. ಹನ್ನೆರಡಕ್ಕೆ ಇನ್ನೂ ಐವತ್ತು ನಿಮಿಷವಿತ್ತು. ಅವನು ಹೆಡ್‌ಫೋನ್ ತೆಗೆಯದೆ ಹಾಗೇ ಕೂತಿದ್ದ.